ಸರಾಸರಿಯಲ್ಲಿ ಕಾಣದ ವಿಮಾನ: ನಿಲ್ದಾಣದ ಪಕ್ಕ ಬದುಕುವವರಿಗೆ ಸದ್ದಿನ ಲೆಕ್ಕ

ನಮ್ಮ ಮನೆಯ ಮೇಲೆ ದಿನದ ಮೊದಲ ವಿಮಾನ ಹೋಗುವುದು ಬೆಳಗಿನ ಜಾವ ಐದೂಕಾಲಿಗೆ. ಮೊದಲು ದೂರದಲ್ಲಿ ಗುಯ್ ಅನ್ನುವ ಸದ್ದು. ಬರಬರುತ್ತಾ ಅದು ಮೊರೆತವಾಗುತ್ತದೆ. ಕಿಟಕಿಯ ಗಾಜು ಸಣ್ಣಗೆ ಅದುರುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಹೋದ ನಿದ್ದೆ ಮಾತ್ರ ಮತ್ತೆ ಹತ್ತುವುದಿಲ್ಲ.

ಈ ಮನೆಗೆ ಬಂದ ಹೊಸದರಲ್ಲಿ ಒಂದು ದೂರು ಬರೆದಿದ್ದೆ. ಬಂದ ಉತ್ತರ ಎರಡೇ ಸಾಲು: ನಿಮ್ಮ ಪ್ರದೇಶದಲ್ಲಿ ವರ್ಷದ ಸರಾಸರಿ ಶಬ್ದ ನಿಗದಿತ ಮಿತಿಯೊಳಗೇ ಇದೆ. ಓದಿ ತಲೆ ಕೆಟ್ಟುಹೋಯಿತು. ನನ್ನನ್ನು ಎಬ್ಬಿಸುತ್ತಿದ್ದದ್ದು ಒಂದು ವಿಮಾನ. ವರ್ಷದ ಸರಾಸರಿ ಯಾರನ್ನಾದರೂ ಎಬ್ಬಿಸುತ್ತದೆಯೇ? ಆ ಅಂಕಿ ಸುಳ್ಳೋ, ನನ್ನ ಕಿವಿ ಸುಳ್ಳೋ ತಿಳಿಯಬೇಕು ಅನ್ನಿಸಿತು. ಓದುತ್ತಾ ಹೋದ ಮೇಲೆ ಗೊತ್ತಾಯಿತು, ಎರಡೂ ನಿಜ. ನಾನು ಕೇಳಿದ ಪ್ರಶ್ನೆಯೇ ಬೇರೆ, ಆ ಅಂಕಿ ಕೊಡುವ ಉತ್ತರವೇ ಬೇರೆ. ಇದೇ ಗೊಂದಲದಲ್ಲಿ ಇರುವವರಿಗಾಗಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಇರಲಿಲ್ಲ, ಇವತ್ತು ಯಾಕೆ?

ಒಂದು ವಾರ ತಣ್ಣಗಿರುತ್ತದೆ. ಮರುವಾರ ಎರಡು ಮೂರು ನಿಮಿಷಕ್ಕೊಂದು ವಿಮಾನ. ಯಾರೋ ಬೇಕಂತಲೇ ನಮ್ಮ ಕಡೆ ತಿರುಗಿಸಿದ್ದಾರೆ ಅನ್ನಿಸುತ್ತದೆ. ಹೆಚ್ಚಿನ ಸಲ ತಿರುಗಿಸಿದ್ದು ಗಾಳಿ.

ವಿಮಾನ ಏರುವಾಗಲೂ ಇಳಿಯುವಾಗಲೂ ಎದುರುಗಾಳಿಗೆ ಮುಖ ಮಾಡುತ್ತದೆ. ಎದುರಿನಿಂದ ಗಾಳಿ ಬೀಸುತ್ತಿದ್ದರೆ ನೆಲದ ಮೇಲೆ ಕಡಿಮೆ ವೇಗದಲ್ಲೇ ರೆಕ್ಕೆಗೆ ಬೇಕಾದ ಬಲ ಸಿಗುತ್ತದೆ, ರನ್‌ವೇ ಉದ್ದವೂ ಕಡಿಮೆ ಸಾಕು. ಹಾಗಾಗಿ ಗಾಳಿ ತಿರುಗಿದರೆ ಇಡೀ ನಿಲ್ದಾಣದ ಓಡಾಟವೇ ತಿರುಗುತ್ತದೆ. ರನ್‌ವೇಯ ಎರಡು ತುದಿಗೂ ಬೇರೆ ಬೇರೆ ಅಂಕಿ ಬರೆದಿರುತ್ತಾರೆ, ನೋಡಿರಬಹುದು. ಅದು ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. 27 ಅಂದರೆ 270 ಡಿಗ್ರಿ, ಅಂದರೆ ಪಶ್ಚಿಮಕ್ಕೆ ಮುಖ. ಅದೇ ರನ್‌ವೇಯ ಇನ್ನೊಂದು ತುದಿ 09, ಪೂರ್ವಕ್ಕೆ ಮುಖ. ನಿಮ್ಮ ಮನೆ ಪೂರ್ವದ ತುದಿಯಲ್ಲಿದೆ ಅಂದುಕೊಳ್ಳಿ. ಪಶ್ಚಿಮದ ಗಾಳಿ ಬೀಸಿದ ದಿನ ವಿಮಾನಗಳು ನಿಮ್ಮ ತಲೆ ಮೇಲಿಂದ ಇಳಿಯುತ್ತವೆ. ಪೂರ್ವದ ಗಾಳಿ ಬಂದ ದಿನ ಅದೇ ಜಾಗದಿಂದ ಏರುತ್ತವೆ. ಎರಡರ ಸದ್ದೂ ಬೇರೆ, ಹರಡುವ ಜಾಗವೂ ಬೇರೆ.

ಲಂಡನ್ನಿನ ಹೀಥ್ರೂನಲ್ಲಿ ವರ್ಷದ ಸುಮಾರು 70 ಶೇಕಡಾ ಸಮಯ ಪಶ್ಚಿಮ ದಿಕ್ಕಿನ ಓಡಾಟ ಇರುತ್ತದೆ. ಉಳಿದ ದಿನಗಳಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಮನೆ ಹುಡುಕುವವರು ಶಾಂತವಾದ ಒಂದು ಭಾನುವಾರ ಬಂದು ನೋಡಿ, ಅಡ್ವಾನ್ಸ್ ಕೊಟ್ಟುಬಿಟ್ಟರೆ ಮುಂದೆ ಏನಾಗುತ್ತದೆ ಅಂತ ಊಹಿಸಬಹುದು.

ಇನ್ನು ಎತ್ತರ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿಯುತ್ತದೆ. ರನ್‌ವೇ ತುದಿಯಿಂದ 10 ಕಿಲೋಮೀಟರ್ ದೂರದ ಮನೆಯ ಮೇಲೆ ಅದು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಮೇಲೆ ಇರುತ್ತದೆ. 5 ಕಿಲೋಮೀಟರಿನಲ್ಲಿ 260-280 ಮೀಟರಿನಷ್ಟು. ಇಳಿಯುವ ವಿಮಾನಗಳ ಎತ್ತರದಲ್ಲಿ ದಿನದಿಂದ ದಿನಕ್ಕೆ ಅಷ್ಟಾಗಿ ವ್ಯತ್ಯಾಸ ಇರುವುದಿಲ್ಲ, ಎಲ್ಲವೂ ಒಂದೇ ದಾರದ ಮೇಲೆ ಜಾರಿದ ಹಾಗೆ ಬರುತ್ತವೆ. ಲಂಡನ್ ಸಿಟಿ ವಿಮಾನ ನಿಲ್ದಾಣ ನಗರದ ನಡುವೆ ಇರುವುದರಿಂದ ಅಲ್ಲಿ ಇಳಿಜಾರು 5.5 ಡಿಗ್ರಿ. ಅಷ್ಟು ಕಡಿದಾಗಿ ಇಳಿಯಲು ಅನುಮತಿ ಇರುವ ವಿಮಾನಗಳು ಮಾತ್ರ ಅಲ್ಲಿಗೆ ಬರಬಹುದು.

ಏರುವ ವಿಮಾನದ ಕತೆ ಹಾಗಲ್ಲ. ದೂರದ ಪ್ರಯಾಣಕ್ಕೆ ಟ್ಯಾಂಕ್ ತುಂಬಿಸಿಕೊಂಡ ವಿಮಾನ ಭಾರ, ನಿಧಾನವಾಗಿ ಮೇಲೇರುತ್ತದೆ. ಬಿಸಿಲು ಜಾಸ್ತಿ ಇದ್ದರೆ ಗಾಳಿ ತೆಳುವಾಗಿ ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಡಿಮೆ. ಬೇಸಿಗೆ ಮಧ್ಯಾಹ್ನ ವಿಮಾನಗಳು ತೀರಾ ಕೆಳಗೆ ಹೋದಂತೆ ಕಂಡರೆ ಅದು ನಿಮ್ಮ ಭ್ರಮೆ ಅಲ್ಲ.

ರಾತ್ರಿಯದು ಇನ್ನೊಂದು ವಿಷಯ. ಹಗಲು ನೆಲ ಕಾದಿರುತ್ತದೆ, ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಮೊದಲು ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ನೆಲದ ಹತ್ತಿರ ಹುಟ್ಟಿದ ಸದ್ದು ಮೇಲೆ ಹೋಗದೆ ಮತ್ತೆ ಕೆಳಕ್ಕೆ ಬಾಗುತ್ತದೆ. ಎಂಜಿನ್ ಪರೀಕ್ಷೆಯ ಸದ್ದು, ಟೇಕಾಫ್ ಶುರುವಾಗುವಾಗಿನ ಗುಡುಗು, ಹಗಲಿನಲ್ಲಿ ಕೇಳಿಸದವು, ಆಗ ಎಷ್ಟೋ ದೂರ ಕೇಳಿಸುತ್ತವೆ.

ಸದ್ದು ಹುಟ್ಟುವುದು ಎಲ್ಲಿ?

ಎಂಜಿನ್ನಿನಲ್ಲಿ ಅಂತ ಥಟ್ಟನೆ ಹೇಳುತ್ತೇವೆ. ಅದು ಅರ್ಧ ಸತ್ಯ.

ಏರುವಾಗ ಎಂಜಿನ್ನೇ ಮುಖ್ಯ. ಹಿಂದಿನಿಂದ ಬಿಸಿ ಗಾಳಿ ರಭಸವಾಗಿ ಹೊರಬಂದು ಸುತ್ತಲಿನ ನಿಂತ ಗಾಳಿಗೆ ಉಜ್ಜುತ್ತದೆ. ಆ ತಿಕ್ಕಾಟದ ಸುಳಿಗಳೇ ನಾವು ಕೇಳುವ ಗುಡುಗು. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ನನಗೆ ಈಗಲೂ ಅಚ್ಚರಿ: ಈ ಸದ್ದಿನ ಶಕ್ತಿ ಗಾಳಿಯ ವೇಗದ ಎಂಟನೇ ಘಾತಕ್ಕೆ ಹೊಂದಿಕೊಂಡಿದೆ. ಹೊರಬರುವ ಗಾಳಿಯ ವೇಗವನ್ನು ಅರ್ಧ ಮಾಡಿದರೆ ಸದ್ದಿನ ಶಕ್ತಿ 256 ಪಟ್ಟು ಇಳಿಯುತ್ತದೆ. ಎಂಜಿನ್ನುಗಳ ಮುಂದೆ ಅಷ್ಟು ದೊಡ್ಡ ಫ್ಯಾನ್ ಇರುವುದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಗಾಳಿಯನ್ನು ತುಂಬಾ ರಭಸದಿಂದ ದೂಡುವ ಬದಲು, ತುಂಬಾ ಗಾಳಿಯನ್ನು ನಿಧಾನವಾಗಿ ದೂಡುತ್ತಾರೆ. ಇಂಧನವೂ ಉಳಿಯುತ್ತದೆ. ಹಳೆಯ ಜೆಟ್‌ಗಳ ಸಣ್ಣ, ಉದ್ದ ಎಂಜಿನ್ನಿಗೂ ಈಗಿನ ದಪ್ಪ ಎಂಜಿನ್ನಿಗೂ ಸದ್ದಿನಲ್ಲಿ ಅಜಗಜಾಂತರ ಬಂದದ್ದು ಹೀಗೆ.

ಇಳಿಯುವಾಗ ಎಂಜಿನ್ ಹೆಚ್ಚು ದುಡಿಯುವುದಿಲ್ಲ. ಆಗ ವಿಮಾನದ ಮೈಯೇ ಸದ್ದು ಮಾಡುತ್ತದೆ. ಚಕ್ರ, ಅದರ ಸರಳುಗಳು, ರೆಕ್ಕೆಯಿಂದ ಹೊರಚಾಚಿದ ಪಟ್ಟಿಗಳು, ಇವೆಲ್ಲ ಗಾಳಿಯನ್ನು ಸೀಳಿ ಸುಳಿ ಎಬ್ಬಿಸುತ್ತವೆ. ಪೈಲಟ್ ಚಕ್ರವನ್ನು ಬೇಗ ಕೆಳಗಿಳಿಸಿದರೆ ಕೆಳಗಿರುವವರಿಗೆ ಅಷ್ಟು ಜಾಸ್ತಿ ಸದ್ದು. ಇಳಿಯುವಾಗಿನ ಸದ್ದನ್ನು ಇನ್ನೂ ತಗ್ಗಿಸುವುದು ಕಷ್ಟ ಆಗಿರುವುದು ಇದಕ್ಕೇ. ಎಂಜಿನ್ ಎಷ್ಟು ಮೆತ್ತಗಾದರೂ ಚಕ್ರ ಬೇಕೇ ಬೇಕಲ್ವಾ?

ಕೆಲವೊಮ್ಮೆ ಒಂದು ಸಣ್ಣ ಭಾಗವೇ ಜನರ ನಿದ್ದೆ ಕೆಡಿಸುತ್ತದೆ. ಏರ್‌ಬಸ್ ಎ320 ಬಳಗದ ವಿಮಾನಗಳ ರೆಕ್ಕೆಯ ಕೆಳಗೆ, ಇಂಧನ ಟ್ಯಾಂಕಿನ ಒತ್ತಡಕ್ಕೆ ಸಂಬಂಧಿಸಿದ ದುಂಡನೆಯ ತೂತುಗಳಿವೆ. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಸಿಳ್ಳೆ ಬರುತ್ತದಲ್ಲ, ಹಾಗೆ ಅವುಗಳ ಮೇಲೆ ಗಾಳಿ ಹಾದು ತೀಕ್ಷ್ಣವಾದ ಸಿಳ್ಳೆ ಬರುತ್ತಿತ್ತು. ಪರಿಹಾರ ಏನೆಂದರೆ ತೂತಿನ ಮುಂದೆ ಗಾಳಿಯನ್ನು ಕದಡುವ ಒಂದು ಪುಟ್ಟ ಲೋಹದ ತುಂಡು. ಲುಫ್ತಾನ್ಸಾ 2014ರಿಂದ ಅದನ್ನು ತನ್ನ ವಿಮಾನಗಳಿಗೆ ಹಾಕತೊಡಗಿತು. ಅಂಗೈಯಲ್ಲಿ ಹಿಡಿಯುವಂಥ ವಸ್ತು! ಎಲ್ಲ ದೂರಿಗೂ ಇಂಥ ಸುಲಭದ ಮದ್ದು ಇಲ್ಲ, ಆದರೆ "ಸದ್ದು" ಅಂತ ಮಾತ್ರ ಬರೆಯುವುದಕ್ಕಿಂತ "ಸಿಳ್ಳೆ", "ಗುಡುಗು", "ಗಾಜಿನ ಅದುರು" ಅಂತ ಬರೆದ ದೂರು ಯಾಕೆ ಹೆಚ್ಚು ಉಪಯೋಗ ಅಂತ ಇದರಿಂದ ತಿಳಿಯುತ್ತದೆ.

ಹೊಸ ವಿಮಾನ ಎಷ್ಟು ಸದ್ದು ಮಾಡಬಹುದು ಅನ್ನುವುದಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಿವೆ, ಅವು ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿವೆ. ಆ ಪರೀಕ್ಷೆ ಮೂರು ಜಾಗದಲ್ಲಿ ನಡೆಯುತ್ತದೆ. ಏರುವಾಗ, ಓಟ ಶುರುವಾದ ಜಾಗದಿಂದ 6.5 ಕಿಲೋಮೀಟರಿನಲ್ಲಿ. ಇಳಿಯುವಾಗ, ರನ್‌ವೇಗೆ 2 ಕಿಲೋಮೀಟರ್ ಮೊದಲು. ಮತ್ತೆ ರನ್‌ವೇಯ ಪಕ್ಕಕ್ಕೆ 450 ಮೀಟರ್ ದೂರದಲ್ಲಿ. ನಿಮ್ಮ ಮನೆ ಈ ಮೂರರಲ್ಲಿ ಯಾವುದರ ಹತ್ತಿರವೂ ಇಲ್ಲದೆ ಹೋಗಬಹುದು. "ಹೊಸ ವಿಮಾನಗಳು ಶಾಂತ" ಅನ್ನುವ ಮಾತು ನಿಜವೇ ಆದರೂ ನಿಮ್ಮ ತಾರಸಿಯ ಮೇಲೆ ಅದು ಅಷ್ಟೇ ಪ್ರಮಾಣದಲ್ಲಿ ಕೇಳಿಸಬೇಕು ಅಂತಿಲ್ಲ.

ಸರಾಸರಿಯ ಒಳಗೆ ಏನಿದೆ?

ಈಗ ಆ ಎರಡು ಸಾಲಿನ ಉತ್ತರಕ್ಕೆ ಬರೋಣ. ನಿಜವಾದ ಗಂಟು ಇರುವುದು ಇಲ್ಲಿ.

ಡೆಸಿಬೆಲ್ ಅನ್ನುವುದು ಕೆಜಿ, ಲೀಟರಿನ ಹಾಗೆ ಕೂಡಿಸುವ ಅಳತೆ ಅಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು ಆಗುತ್ತದೆ. 20 ಏರಿದರೆ 100 ಪಟ್ಟು. ನಮ್ಮ ಕಿವಿಗೆ ಮಾತ್ರ ಆ 10 ಡೆಸಿಬೆಲ್ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಶಕ್ತಿ ಎರಡು ಪಟ್ಟಾದರೆ ಅಂಕಿ ಏರುವುದು ಬರೀ 3. ಈ 3ನ್ನು ನೆನಪಿಟ್ಟುಕೊಳ್ಳಿ.

ಒಂದು ಲೆಕ್ಕ ಮಾಡೋಣ. ನಿಮ್ಮ ಮನೆ ಮೇಲೆ ದಿನಕ್ಕೆ 10 ವಿಮಾನ ಹೋಗುತ್ತವೆ. ಪ್ರತಿಯೊಂದೂ 30 ಸೆಕೆಂಡ್ 80 ಡೆಸಿಬೆಲ್ ಸದ್ದು ಮಾಡುತ್ತದೆ. 80 ಅಂದರೆ ಹೊರಗೆ ನಿಂತು ಫೋನಿನಲ್ಲಿ ಮಾತಾಡಲು ಆಗದಷ್ಟು. ಒಟ್ಟು 300 ಸೆಕೆಂಡ್. ಈ 5 ನಿಮಿಷದ ಸದ್ದನ್ನು 24 ಗಂಟೆಗೆ ತೆಳ್ಳಗೆ ಸವರಿದರೆ ಸರಾಸರಿ 55 ಡೆಸಿಬೆಲ್ ಬರುತ್ತದೆ. ಇಬ್ಬರು ಮೆಲ್ಲಗೆ ಮಾತಾಡುವಷ್ಟು. ಕಾಗದದ ಮೇಲೆ ನಿಮ್ಮ ಬೀದಿ ಶಾಂತವಾಗಿದೆ.

ಈಗ ವಿಮಾನಗಳನ್ನು 20 ಮಾಡಿ. ನಿಮ್ಮ ಬದುಕಿನಲ್ಲಿ ಅಡ್ಡಿ ಎರಡು ಪಟ್ಟಾಯಿತು. ಸರಾಸರಿ 58 ಆಯಿತು, ಅಷ್ಟೇ. ಇನ್ನು ಆ 20 ವಿಮಾನಗಳೂ ಹೊಸ ಮಾದರಿಯವು, ಒಂದೊಂದೂ 3 ಡೆಸಿಬೆಲ್ ಕಡಿಮೆ ಅಂದುಕೊಳ್ಳಿ. ಸರಾಸರಿ ಮತ್ತೆ 55ಕ್ಕೇ ಬಂತು. ವರದಿಯಲ್ಲಿ "ಶಬ್ದದಲ್ಲಿ ಏರಿಕೆ ಇಲ್ಲ" ಅಂತ ಬರೆಯಬಹುದು, ಅದು ಸುಳ್ಳೂ ಅಲ್ಲ. ಆದರೆ 10 ಸಲ ನಿಲ್ಲುತ್ತಿದ್ದ ಮಾತು ಈಗ 20 ಸಲ ನಿಲ್ಲುತ್ತದೆ. ಒಂದು ಸಲಕ್ಕೆ 3 ಡೆಸಿಬೆಲ್ ಕಡಿಮೆ ಆದದ್ದು ಕಿವಿಗೆ ಅಷ್ಟಾಗಿ ತಿಳಿಯುವುದೂ ಇಲ್ಲ. ನನ್ನ ಕಿವಿಗೂ ಆ ಉತ್ತರಕ್ಕೂ ಇದ್ದ ಜಗಳ ಇದೇ.

ಸರಾಸರಿ ಮಾಡುವವರು ರಾತ್ರಿಯನ್ನು ಪೂರ್ತಿ ಮರೆತಿಲ್ಲ ಅನ್ನುವುದನ್ನೂ ಹೇಳಬೇಕು. ಯುರೋಪಿನ ಲೆಕ್ಕದಲ್ಲಿ ಸಂಜೆಯ ಸದ್ದಿಗೆ 5, ರಾತ್ರಿಯ ಸದ್ದಿಗೆ 10 ಡೆಸಿಬೆಲ್ ದಂಡ ಸೇರಿಸುತ್ತಾರೆ. ಅಮೆರಿಕದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರ ತನಕದ ಸದ್ದಿಗೆ 10 ಸೇರಿಸುತ್ತಾರೆ. ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ 10 ವಿಮಾನಕ್ಕೆ ಸಮ. ಒಳ್ಳೆಯ ಯೋಚನೆಯೇ. ಆದರೂ ಕೊನೆಗೆ ಎಲ್ಲವೂ ಒಂದೇ ಅಂಕಿಯಾಗಿ ಕರಗಿಹೋಗುತ್ತದೆ. ಅದರಿಂದ ಐದೂಕಾಲಿನ ವಿಮಾನವನ್ನು ಹೆಕ್ಕಿ ತೆಗೆಯಲು ಆಗುವುದಿಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಆಸ್ಟ್ರೇಲಿಯಾ. ಸಿಡ್ನಿಯಲ್ಲಿ 1994ರಲ್ಲಿ ಮೂರನೇ ರನ್‌ವೇ ತೆರೆದಾಗ ಜನ ಸಿಟ್ಟಿಗೆದ್ದರು. ಸರಾಸರಿಯ ನಕ್ಷೆಗಳು ಏನೂ ಆಗದು ಅಂದಿದ್ದ ಕಡೆಗಳಿಂದಲೂ ದೂರು ಬಂತು. ಆಮೇಲೆ ಅಲ್ಲಿ ಬೇರೆ ಬಗೆಯ ಅಳತೆ ಬಳಕೆಗೆ ಬಂತು, ಎನ್70 ಅಂತ. ದಿನಕ್ಕೆ ಎಷ್ಟು ವಿಮಾನ 70 ಡೆಸಿಬೆಲ್ ದಾಟಿದವು ಅಂತ ಸುಮ್ನೆ ಎಣಿಸುವುದು. ಹೊರಗೆ 70 ಇದ್ದರೆ, ಕಿಟಕಿ ತೆರೆದ ಮನೆಯೊಳಗೆ ಸುಮಾರು 60 ಆಗುತ್ತದೆ, ಅಲ್ಲಿಂದ ಮಾತು, ಟಿವಿ ಕೇಳಲು ತೊಡಕು ಶುರು. "ನಿಮ್ಮ ಬೀದಿಯಲ್ಲಿ ದಿನಕ್ಕೆ 40 ಸಲ" ಅಂದರೆ ಯಾರಿಗೆ ಬೇಕಾದರೂ ಅರ್ಥ ಆಗುತ್ತದೆ. ಯಾವ ಸಭೆಗೆ ಹೋದರೂ ನಾನು ಕೇಳುವ ಮೊದಲ ಪ್ರಶ್ನೆ ಈಗ ಇದೇ: ಸರಾಸರಿ ಇರಲಿ, ಎಣಿಕೆ ಎಷ್ಟು? ರಾತ್ರಿಯ ಎಣಿಕೆ ಎಷ್ಟು?

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಹಿಂದೆ ವಿಮಾನಗಳು ಒಂದು ಅಗಲವಾದ ಪಟ್ಟಿಯಲ್ಲಿ ಚದುರಿ ಹೋಗುತ್ತಿದ್ದವು. ಉಪಗ್ರಹದ ದಾರಿತೋರುವಿಕೆ ಬಂದ ಮೇಲೆ ಎಲ್ಲವೂ ಹಳಿಯ ಮೇಲಿನ ರೈಲಿನ ಹಾಗೆ ಒಂದೇ ಗೆರೆಯಲ್ಲಿ ಹೋಗುತ್ತವೆ. ಇಂಧನ ಉಳಿಯುತ್ತದೆ, ತೊಂದರೆಗೆ ಒಳಗಾಗುವ ಮನೆಗಳ ಸಂಖ್ಯೆಯೂ ಇಳಿಯಬಹುದು. ಆದರೆ ಆ ಗೆರೆಯ ಕೆಳಗೆ ಇರುವವರ ಪಾಲಿಗೆ ಎಲ್ಲವೂ ಬಂದು ಬೀಳುತ್ತವೆ. ಅಮೆರಿಕದ ಫೀನಿಕ್ಸ್‌ನಲ್ಲಿ 2014ರ ಸೆಪ್ಟೆಂಬರಿನಲ್ಲಿ ಹೀಗೆ ದಾರಿ ಬದಲಾದಾಗ ಹಳೆಯ ಬಡಾವಣೆಗಳ ಜನರು, ನಗರಾಡಳಿತ ಕೋರ್ಟಿಗೆ ಹೋದರು. 2017ರಲ್ಲಿ ತೀರ್ಪು ಅವರ ಪರವಾಗಿ ಬಂತು.

ಅಭ್ಯಾಸ ಆಗುತ್ತದೆ ಅನ್ನುತ್ತಾರಲ್ಲ?

ಎಲ್ಲರೂ ಹೇಳುವ ಮಾತು ಇದು. ಮನಸ್ಸಿಗೆ ಒಂದಷ್ಟು ಆಗುತ್ತದೆ. ಮೈಗೆ ಅಷ್ಟಾಗಿ ಆಗುವುದಿಲ್ಲ.

ಜರ್ಮನಿಯ ವಿಜ್ಞಾನಿಗಳು ಕಲೋನ್-ಬಾನ್ ವಿಮಾನ ನಿಲ್ದಾಣದ ಸುತ್ತ ವಾಸಿಸುವವರ ನಿದ್ದೆಯನ್ನು ಅವರ ಮನೆಗಳಲ್ಲೇ ಅಳೆದರು. ಕೋಣೆಯೊಳಗೆ ವಿಮಾನದ ಸದ್ದು 33 ಡೆಸಿಬೆಲ್ ಆಸುಪಾಸು ಮುಟ್ಟಿದರೆ ಸಾಕು, ಎಚ್ಚರವಾಗುವ ಸಂಭವ ಏರತೊಡಗುತ್ತದೆ ಅಂತ ಕಂಡಿತು. 33 ಅಂದರೆ ಪಿಸುಮಾತಿನಷ್ಟು. ಪ್ರತಿ ವಿಮಾನಕ್ಕೂ ಎಚ್ಚರ ಆಗುತ್ತದೆ ಅಂತ ಇದರ ಅರ್ಥ ಅಲ್ಲ, ಸಂಭವ ಅಲ್ಲಿಂದ ಶುರು.

ಎಚ್ಚರ ಆಗದಿದ್ದರೂ ಮೈ ಸುಮ್ಮನಿರುವುದಿಲ್ಲ. ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಹತ್ತಿರದ 140 ಜನರ ರಕ್ತದೊತ್ತಡವನ್ನು ಅವರು ನಿದ್ದೆಯಲ್ಲಿದ್ದಾಗ ಅಳೆದರು. ವಿಮಾನ ಹಾದುಹೋದಾಗ ಮೇಲಿನ ಅಂಕಿ ಸರಾಸರಿ 6ರಷ್ಟು ಏರುತ್ತಿತ್ತು. ಮಲಗಿದವರಿಗೆ ಗೊತ್ತೇ ಇರಲಿಲ್ಲ. ಇದು ಹೈನಾ ಅನ್ನುವ ದೊಡ್ಡ ಅಧ್ಯಯನದ ಒಂದು ಭಾಗ. ಅದರಲ್ಲಿ ಆರು ನಿಲ್ದಾಣಗಳ ಸುತ್ತ 45ರಿಂದ 70 ವರ್ಷದ 4,800ಕ್ಕೂ ಜಾಸ್ತಿ ಜನರನ್ನು ನೋಡಿದ್ದರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ರಾತ್ರಿಯ ವಿಮಾನದ ಸದ್ದು 10 ಡೆಸಿಬೆಲ್ ಏರಿದರೆ ಅಧಿಕ ರಕ್ತದೊತ್ತಡದ ಸಂಭವ ಸುಮಾರು 14 ಶೇಕಡಾ ಜಾಸ್ತಿ. ಇದು ಒಬ್ಬರ ಹಣೆಬರಹ ಹೇಳುವ ಅಂಕಿ ಅಲ್ಲ. ಆದರೆ ಲಕ್ಷಾಂತರ ಜನ ಒಂದು ರನ್‌ವೇಯ ಸುತ್ತ ಮಲಗುವಾಗ ಇದು ಸಣ್ಣದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ವಿಮಾನದ ಸದ್ದು ಇಡೀ ದಿನದ ಲೆಕ್ಕದಲ್ಲಿ 45, ರಾತ್ರಿಯ ಲೆಕ್ಕದಲ್ಲಿ 40 ಡೆಸಿಬೆಲ್ಲಿಗಿಂತ ಕಡಿಮೆ ಇರಲಿ ಅಂತ ಸಲಹೆ ಕೊಟ್ಟಿತು. ಅಮೆರಿಕ ಎಷ್ಟೋ ವರ್ಷದಿಂದ ಹಿಡಿದಿರುವ ಗೆರೆ 65.

ಮಕ್ಕಳ ವಿಷಯದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಮ್ಯೂನಿಕ್‌ನ ಅಧ್ಯಯನ. 1992ರಲ್ಲಿ ಅಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿತು, ಬೇರೆ ಕಡೆ ಹೊಸದು ತೆರೆಯಿತು. ಸಂಶೋಧಕರು ಎರಡೂ ಜಾಗದ ಮಕ್ಕಳನ್ನು ಮೊದಲೇ ಪರೀಕ್ಷಿಸಿದ್ದರು, ಆಮೇಲೆ ಮತ್ತೆ ಮತ್ತೆ ಪರೀಕ್ಷಿಸಿದರು. ಹಳೆಯ ನಿಲ್ದಾಣದ ಹತ್ತಿರ ಓದಿನಲ್ಲಿ, ನೆನಪಿನಲ್ಲಿ ಹಿಂದೆ ಬಿದ್ದಿದ್ದ ಮಕ್ಕಳು ಸದ್ದು ನಿಂತ ಮೇಲೆ ಚೇತರಿಸಿಕೊಂಡರು. ಹೊಸ ನಿಲ್ದಾಣದ ಹತ್ತಿರದ ಮಕ್ಕಳು ಅದೇ ವಿಷಯಗಳಲ್ಲಿ ಹಿಂದೆ ಬೀಳತೊಡಗಿದರು. ಬಡತನ, ಮನೆಯ ವಾತಾವರಣ ಕಾರಣ ಇರಬಹುದಲ್ವಾ ಅಂತ ಸುಲಭವಾಗಿ ತಳ್ಳಿಹಾಕಲು ಇಲ್ಲಿ ಆಗುವುದಿಲ್ಲ, ಯಾಕಂದರೆ ಬದಲಾದದ್ದು ಸದ್ದು. ಇದರಲ್ಲಿ ಭಯವೂ ಇದೆ, ಭರವಸೆಯೂ ಇದೆ. ಸದ್ದು ಇಳಿದರೆ ಮಕ್ಕಳು ಚಿಗುರುತ್ತಾರೆ. ಮುಂದೆ 2005ರಲ್ಲಿ ಹೀಥ್ರೂ, ಆಮ್‌ಸ್ಟರ್‌ಡಾಮಿನ ಸ್ಕಿಪೊಲ್, ಮ್ಯಾಡ್ರಿಡ್‌ನ ಬರಾಹಾಸ್ ನಿಲ್ದಾಣಗಳ ಸುತ್ತ 9-10 ವರ್ಷದ 2,800ಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನವೂ ಓದಿಗೆ ಹೊಡೆತ ಬೀಳುವುದನ್ನು ಕಂಡಿತು. ಬ್ರಿಟನ್ನಿನಲ್ಲಿ 5 ಡೆಸಿಬೆಲ್ ವ್ಯತ್ಯಾಸ ಓದಿನಲ್ಲಿ ಎರಡು ತಿಂಗಳ ಹಿನ್ನಡೆಗೆ ಸಮ. ವಿಮಾನ ಹೋಗುವ ತನಕ ಪಾಠ ನಿಲ್ಲಿಸಿ ಕಾಯುವ ಯಾವ ಮೇಷ್ಟರನ್ನು ಕೇಳಿದರೂ ಇದು ಗೊತ್ತು.

ಸಿಟ್ಟಿನ ಮಾತು ಉಳಿಯಿತು. ಯಾರಿಗೆ ಎಷ್ಟು ಕಿರಿಕಿರಿ ಅನ್ನುವುದರಲ್ಲಿ ಡೆಸಿಬೆಲ್ಲಿನ ಪಾಲು ಮೂರನೇ ಒಂದರಷ್ಟು ಮಾತ್ರ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಉಳಿದದ್ದು ಭಯ, ಮುಂಚೆ ತಿಳಿಯದಿರುವುದು, ಯಾರೂ ಕೇಳುವವರಿಲ್ಲ ಅನ್ನುವ ಭಾವ. ಇದನ್ನು ಹಿಡಿದು "ನಿಮ್ಮದು ಮನಸ್ಸಿನ ಸಮಸ್ಯೆ" ಅನ್ನುವವರಿದ್ದಾರೆ, ಅದು ತಪ್ಪು. ನಿಲ್ದಾಣ ಸರಿಯಾಗಿ ಮಾಹಿತಿ ಕೊಟ್ಟರೆ, ಕೊಟ್ಟ ಮಾತು ಉಳಿಸಿಕೊಂಡರೆ, ಒಂದು ಡೆಸಿಬೆಲ್ ಇಳಿಯದೆಯೂ ಜನರ ಕಷ್ಟ ಇಳಿಯುತ್ತದೆ ಅಂತ ನಾನು ಇದನ್ನು ಓದುತ್ತೇನೆ. ಅಮೆರಿಕದ ವಿಮಾನಯಾನ ಆಡಳಿತ 2021ರಲ್ಲಿ ಬಿಡುಗಡೆ ಮಾಡಿದ ಸಮೀಕ್ಷೆಯಲ್ಲಿ, 65 ಡೆಸಿಬೆಲ್ ಇರುವ ಕಡೆ 60 ಶೇಕಡಾಕ್ಕೂ ಹೆಚ್ಚು ಜನ ತೀವ್ರ ಕಿರಿಕಿರಿ ಅಂದಿದ್ದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಹಳೆಯ ಲೆಕ್ಕ ಹೇಳುತ್ತಿದ್ದದ್ದು 12 ಶೇಕಡಾ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಒಂದು ಕೋಣೆ. ಮಲಗುವ ಕೋಣೆ. ಇಡೀ ಮನೆಗೆ ಅರೆಬರೆ ಕೆಲಸ ಮಾಡುವುದಕ್ಕಿಂತ ಒಂದೇ ಕೋಣೆಗೆ ಪೂರ್ತಿ ಮಾಡಿ.

ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ. ಗೋಡೆಯ ಮೇಲ್ಮೈಯ ನೂರನೇ ಒಂದು ಭಾಗ ತೆರೆದಿದ್ದರೆ ಸಾಕು, ಉಳಿದದ್ದು ಎಷ್ಟೇ ದಪ್ಪ ಇದ್ದರೂ ಒಟ್ಟು ತಡೆ 20 ಡೆಸಿಬೆಲ್ಲಿಗೆ ನಿಂತುಬಿಡುತ್ತದೆ. ಹಾಗಾಗಿ ಗಾಜಿಗೆ ದುಡ್ಡು ಹಾಕುವ ಮೊದಲು ಸಂದು ಹುಡುಕಿ. ರಾತ್ರಿ ದೀಪ ಆರಿಸಿ ಒಬ್ಬರು ಒಳಗೆ ಕೂರಿ, ಇನ್ನೊಬ್ಬರು ಹೊರಗಿನಿಂದ ಕಿಟಕಿ ಬಾಗಿಲಿನ ಸುತ್ತ ಟಾರ್ಚ್ ಬಿಡಲಿ. ಬೆಳಕು ಕಂಡ ಕಡೆಯೆಲ್ಲ ಕೆಲಸ ಇದೆ. ರಬ್ಬರ್ ಪಟ್ಟಿ, ಬಾಗಿಲ ಕೆಳಗಿನ ಪಟ್ಟಿ, ಪೈಪು ವೈರು ಹಾದುಹೋದ ತೂತಿಗೆ ಸೀಲಂಟ್. ನಮ್ಮ ಕೋಣೆಯಲ್ಲಿ ಎಸಿ ಪೈಪಿನ ಸುತ್ತ ಎರಡು ಬೆರಳು ತೂರುವಷ್ಟು ಸಂದಿತ್ತು, ವರ್ಷಗಟ್ಟಲೆ ಕಂಡೇ ಇರಲಿಲ್ಲ.

ಆಮೇಲೆ ಕಿಟಕಿ. ತೆರೆದ ಕಿಟಕಿ ಹೊರಗಿನ ಸದ್ದನ್ನು 10-15 ಡೆಸಿಬೆಲ್ ಮಾತ್ರ ತಗ್ಗಿಸುತ್ತದೆ. ಮುಚ್ಚಿದ ಸಾಧಾರಣ ಕಿಟಕಿ 20-25. ಚೆನ್ನಾಗಿ ಮಾಡಿದ ಎರಡು ಪದರದ್ದು 35ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಇಲ್ಲಿ ತುಂಬಾ ಜನ ಮೋಸಹೋಗುವ ಒಂದು ಜಾಗ ಇದೆ. ಶಾಖ ತಡೆಯಲು ಮಾಡಿದ, ನಡುವೆ ಸಣ್ಣ ಅಂತರ ಇರುವ ಡಬಲ್ ಗಾಜು ವಿಮಾನದ ದಪ್ಪ ಗುಡುಗಿಗೆ ಹೆಚ್ಚು ಉಪಯೋಗ ಇಲ್ಲ. ಈಗಿರುವ ಕಿಟಕಿಯನ್ನು ಹಾಗೇ ಬಿಟ್ಟು, ಒಳಗಡೆ 10 ಸೆಂಟಿಮೀಟರ್ ಅಥವಾ ಇನ್ನೂ ಜಾಸ್ತಿ ಅಂತರದಲ್ಲಿ ಎರಡನೇ ಕಿಟಕಿ ಕೂರಿಸುವುದು ಮೇಲು. ಎರಡು ಗಾಜುಗಳ ದಪ್ಪ ಬೇರೆ ಬೇರೆ ಇರಲಿ, ಒಂದೇ ದಪ್ಪ ಇದ್ದರೆ ಒಂದೇ ಸ್ವರಕ್ಕೆ ಎರಡೂ ಕೂಡಿ ಅದುರುತ್ತವೆ. ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಸಿಕ್ಕರೆ ಇನ್ನೂ ಒಳ್ಳೆಯದು.

ಕಿಟಕಿ ಮುಚ್ಚಿದ ಮೇಲೆ ಉಸಿರಾಡಲು ಗಾಳಿ ಬೇಕು, ಇದನ್ನು ಮರೆಯಬಾರದು. ಒಳಗೆ ಸದ್ದು ಹೀರುವ ಸಾಮಗ್ರಿ ಹಾಕಿ, ದಾರಿಯನ್ನು ಬಾಗಿಸಿ ಮಾಡಿದ ಗಾಳಿಗೂಡುಗಳು ಸಿಗುತ್ತವೆ. ಗಾಳಿ ತಿರುಗಿ ಒಳಬರುತ್ತದೆ, ಸದ್ದು ತಿರುವಿನಲ್ಲಿ ಸಾಯುತ್ತದೆ.

ಗೋಡೆಗೆ ಸ್ಪಂಜು, ಮೊಟ್ಟೆಯ ಟ್ರೇ ಅಂಟಿಸಬೇಡಿ. ಅವು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತವೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು. ಕಾಂಕ್ರೀಟ್ ತಾರಸಿ ಇದ್ದವರು ಮೇಲಿನಿಂದ ಸುಮಾರಾಗಿ ಸುರಕ್ಷಿತ. ಶೀಟು, ಹೆಂಚಿನ ಕೆಳಗೆ ಮಲಗುವವರಿಗೆ ಕಿಟಕಿಗಿಂತ ಸೂರೇ ಮೊದಲ ಕೆಲಸ: ಕೆಳಗೊಂದು ಭಾರವಾದ ಚಾವಣಿ, ನಡುವೆ ನಾರಿನ ಹಾಸು.

ಮರ, ಕಾಂಪೌಂಡ್ ಗೋಡೆ ತಲೆ ಮೇಲಿನ ವಿಮಾನಕ್ಕೆ ಏನೂ ಮಾಡುವುದಿಲ್ಲ. ನೆಲದ ಸದ್ದಿನ ಮಾತು ಬೇರೆ. ಆಮ್‌ಸ್ಟರ್‌ಡಾಮಿನ ಸ್ಕಿಪೊಲ್ ಹತ್ತಿರ, ಹೊಲ ಉತ್ತ ದಿನಗಳಲ್ಲಿ ಟೇಕಾಫಿನ ಗುಡುಗು ಕಡಿಮೆ ಆಗುವುದನ್ನು ಗಮನಿಸಿದರು. ಉಳುಮೆಯ ಸಾಲುಗಳು ನೆಲದ ಮೇಲೆ ಉರುಳಿ ಬರುವ ಸದ್ದನ್ನು ಚದುರಿಸುತ್ತಿದ್ದವು. ಅದೇ ಯೋಚನೆ ಹಿಡಿದು ಮಣ್ಣಿನ ಎತ್ತರದ ಸಾಲುಗಳಿರುವ ಬೌಟೆನ್‌ಸ್ಕೊಟ್ ಅನ್ನುವ ಉದ್ಯಾನವನ್ನೇ ಮಾಡಿದ್ದಾರೆ. 2013ರಿಂದ ಅದು ಇದೆ.

ಇಯರ್‌ಪ್ಲಗ್ ಅಗ್ಗದ, ನಿಜವಾಗಿ ಕೆಲಸ ಮಾಡುವ ವಸ್ತು. ಸ್ಪಂಜಿನದನ್ನು ಸಪೂರ ಹೊಸೆದು, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಅದು ಹಿಗ್ಗುವ ತನಕ ಬೆರಳಿನಿಂದ ಹಿಡಿಯಬೇಕು. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಅರ್ಧ ಗುಣವೂ ಇಲ್ಲ. ಕಿವಿನೋವು, ಸೋಂಕು ಇದ್ದವರಿಗೆ ಬೇಡ, ಎಳೆ ಮಕ್ಕಳಿಗಂತೂ ಬೇಡವೇ ಬೇಡ. ಫ್ಯಾನಿನ ಒಂದೇ ಸಮನೆಯ ಸದ್ದೂ ದೂರದ ವಿಮಾನದ ಏರಿಳಿತವನ್ನು ಮುಚ್ಚುತ್ತದೆ, ಹತ್ತಿರದ್ದನ್ನು ಮುಚ್ಚಲಾರದು.

ನಿಲ್ದಾಣದವರನ್ನು ಏನು ಕೇಳಬೇಕು?

"ನಿಲ್ದಾಣ ಮುಚ್ಚಿ" ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೆ ಕಡೆ ಆಗಲೇ ನಡೆಯುತ್ತಿರುವುದನ್ನು ಹೆಸರು ಹಿಡಿದು ಕೇಳಿದರೆ ಇಲ್ಲ ಅನ್ನುವುದು ಕಷ್ಟ.

ಎಲ್ಲಕ್ಕಿಂತ ಮೊದಲು ರಾತ್ರಿ. ಸಿಡ್ನಿಯಲ್ಲಿ 1995ರ ಕಾಯ್ದೆಯ ಪ್ರಕಾರ ರಾತ್ರಿ 11ರಿಂದ ಬೆಳಿಗ್ಗೆ 6ರ ತನಕ, ಕೆಲವು ವಿನಾಯಿತಿ ಬಿಟ್ಟರೆ, ಓಡಾಟ ಇಲ್ಲ. ಫ್ರಾಂಕ್‌ಫರ್ಟ್ ಯುರೋಪಿನ ದೊಡ್ಡ ನಿಲ್ದಾಣಗಳಲ್ಲಿ ಒಂದು. ಅಲ್ಲೂ 2011ರ ಅಕ್ಟೋಬರಿನಿಂದ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ನಿಗದಿತ ವಿಮಾನಗಳಿಗೆ ನಿಷೇಧ, 2012ರಲ್ಲಿ ಉನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಜಪಾನಿನ ಒಸಾಕಾ ಇಟಾಮಿಯಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 9ರ ತನಕ ಮಾತ್ರ. ಇಟಾಮಿಯ ಸುತ್ತಲಿನ ಜನರ ಹೋರಾಟ ಎಷ್ಟು ಗಟ್ಟಿಯಾಗಿತ್ತು ಅಂದರೆ, ಮುಂದಿನ ನಿಲ್ದಾಣವನ್ನು ಕಡಲ ನಡುವೆ ದ್ವೀಪ ಕಟ್ಟಿ ಮಾಡಿದರು. 1994ರಲ್ಲಿ ತೆರೆದ ಕನ್ಸಾಯಿ ಅದು. ಹೀಥ್ರೂನಲ್ಲಿ ಪೂರ್ತಿ ನಿಷೇಧ ಇಲ್ಲ, ಆದರೆ ರಾತ್ರಿ 11:30ರಿಂದ 6ರ ನಡುವೆ ವರ್ಷಕ್ಕೆ 5,800 ಓಡಾಟ ಅನ್ನುವ ಮಿತಿ ಇದೆ. ಜೊತೆಗೆ ಸದ್ದಿಗೂ ಒಂದು ಒಟ್ಟು ಅಂಕದ ಮಿತಿ ಇದೆ, ಸದ್ದು ಜಾಸ್ತಿ ಇರುವ ವಿಮಾನಕ್ಕೆ ಅದರಿಂದ ಜಾಸ್ತಿ ಅಂಕ ಕಳೆಯುತ್ತಾರೆ.

ಎರಡನೆಯದು ಬಿಡುವು. ಪಶ್ಚಿಮ ದಿಕ್ಕಿನ ಓಡಾಟ ಇರುವ ದಿನ ಹೀಥ್ರೂನ ಎರಡು ರನ್‌ವೇಗಳ ಕೆಲಸವನ್ನು ಮಧ್ಯಾಹ್ನ 3ಕ್ಕೆ ಅದಲುಬದಲು ಮಾಡುತ್ತಾರೆ, ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಇವತ್ತು ಮೂರರ ಮೇಲೆ ನಮ್ಮ ಕಡೆ ಇಲ್ಲ ಅಂತ ಗೊತ್ತಿದ್ದರೆ ಮಗುವನ್ನು ಯಾವಾಗ ಮಲಗಿಸಬೇಕು, ಅಜ್ಜಿಯನ್ನು ಯಾವಾಗ ಅಂಗಳದಲ್ಲಿ ಕೂರಿಸಬೇಕು ಅಂತ ಯೋಜಿಸಬಹುದು. ಒಂದೇ ರನ್‌ವೇ ಇರುವ ಕಡೆ ಇದು ಆಗದು. ಅಲ್ಲಿ ಕನಿಷ್ಠ, ನಾಳೆ ಯಾವ ದಿಕ್ಕು ಅಂತ ಹಿಂದಿನ ದಿನವೇ ತಿಳಿಸಿ ಅಂತ ಕೇಳಬಹುದು. ದುಡ್ಡು ಖರ್ಚಿಲ್ಲದ ಕೆಲಸ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಲು ಒಂದೇ ಸಮ ಜಾರಿ ಬರುವ ವಿಧಾನವನ್ನೂ ಕೇಳಿ. ನಡುನಡುವೆ ಎಂಜಿನ್ ಜೋರು ಮಾಡುವುದು ತಪ್ಪುತ್ತದೆ, ರನ್‌ವೇಯಿಂದ ತುಸು ದೂರದ ಬಡಾವಣೆಗಳಿಗೆ ಇದು ದೊಡ್ಡ ಉಪಕಾರ.

ಮನೆ ಕೊಳ್ಳುವ, ಬಾಡಿಗೆಗೆ ಹಿಡಿಯುವ ಯೋಚನೆ ಇದ್ದವರು ಎರಡೂ ಗಾಳಿಯ ದಿನ ಹೋಗಿ ನೋಡಿ. ಬೆಳಗಿನ ಜಾವ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ. ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ಎರಡು ವಾರ ಆ ಬೀದಿಯನ್ನು ಗಮನಿಸಿ. ಮುಂದೆ ಹೊಸ ರನ್‌ವೇ, ಹೊಸ ದಾರಿಯ ಯೋಜನೆ ಇದೆಯೇ ಅಂತ ಕೇಳಿ.

ನಮ್ಮ ಮನೆಯಲ್ಲಿ ಈಗ ಎರಡನೇ ಕಿಟಕಿ ಕೂತಿದೆ. ಗಾಜು ಅದುರುವುದಿಲ್ಲ, ಐದೂಕಾಲಿನ ವಿಮಾನ ದೂರದ ಬಸ್ಸಿನ ಹಾಗೆ ಕೇಳುತ್ತದೆ. ಕೆಲವು ದಿನ ಎಚ್ಚರ ಆಗುತ್ತದೆ, ಕೆಲವು ದಿನ ಇಲ್ಲ. ಎರಡನೇ ಕಿಟಕಿ ಹಾಕಿಸಲು ಆಗದವರು ನಮ್ಮ ಬೀದಿಯಲ್ಲಿ ತುಂಬಾ ಮಂದಿ ಇದ್ದಾರೆ. ಹಾಗಾಗಿ ನಾವು ಎಂಟು ಮನೆಯವರು ಸೇರಿ ಮೂರು ತಿಂಗಳು ಒಂದು ನೋಟ್‌ಬುಕ್ ಬರೆದೆವು. ತಾರೀಕು, ಗಂಟೆ, ಏರುವುದೋ ಇಳಿಯುವುದೋ, ಎಚ್ಚರ ಆಯಿತೋ ಇಲ್ಲವೋ. ಆ ಪಟ್ಟಿ ಲಗತ್ತಿಸಿ, ಮೊದಲ ವಿಮಾನವನ್ನು ಆರು ಗಂಟೆಯ ನಂತರಕ್ಕೆ ಹಾಕಿ ಅಂತ ಅರ್ಜಿ ಕೊಟ್ಟಿದ್ದೇವೆ. ಅರ್ಜಿಯಲ್ಲಿ ಸರಾಸರಿಯ ಅಂಕಿ ಒಂದೂ ಇಲ್ಲ. ಉತ್ತರ ಬರುವುದು ಮುಂದಿನ ತಿಂಗಳು.